ಬೋಧನಾಭ್ಯಾಸದಲ್ಲಿ ಮಿತವ್ಯಯ

ಬೋಧನಾಭ್ಯಾಸದ ದಿನಗಳು ಹತ್ತಿರ ಬಂದಂತೆ ಸ್ಟೇಷನರಿ ಅಂಗಡಿಯ ಮುಂದೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಲುಗಟ್ಟುತ್ತಾರೆ. ಚಾರ್ಟ್, ಥರ್ಮಾಕೋಲ್, ಮಿಂಚು ಕಾಗದ, ಸ್ಕೆಚ್ ಪೆನ್ನು, ರೆಕಾರ್ಡಿಗೆ ಬಣ್ಣದ ಹೊದಿಕೆ. ಈಚೆಗೆ 'ಕಡಿಮೆ ವೆಚ್ಚದ ಬೋಧನೋಪಕರಣ'ವೂ ಸಿದ್ಧರೂಪದಲ್ಲಿ ಸಿಗುತ್ತದೆ. ಅದರ ಬೆಲೆ ಮಾತ್ರ ಕಡಿಮೆಯಿಲ್ಲ! ಮಿತವ್ಯಯದ ಬಗ್ಗೆ ಮೌಲ್ಯಶಿಕ್ಷಣದ ತರಗತಿಯಲ್ಲಿ ಎಷ್ಟೇ ಹೇಳಿದರೂ ಅದನ್ನು ಕಲಿಯುವುದು ಈ ಅಂಗಡಿಯ ಮೆಟ್ಟಿಲ ಮೇಲೆಯೇ ಎಂಬುದು ನನ್ನ ಅಭಿಪ್ರಾಯ.

ಎನ್‌ಸಿಟಿಇಯ 2014ರ ನಿಯಮಾವಳಿ ಬಂದ ಮೇಲೆ ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲಾ ಅನುಭವಕ್ಕೆ 20 ವಾರ ಮೀಸಲಾಯಿತು. ಇದು ಒಳ್ಳೆಯದೇ. ಆದರೆ ಪಾಠವೊಂದಕ್ಕೆ 50 ರೂಪಾಯಿ ಎಂದು ಹಿಡಿದರೂ 40 ಪಾಠಕ್ಕೆ 2,000 ರೂಪಾಯಿ. ಬಸ್ಸಿನ ಖರ್ಚು, ಬೈಂಡಿಂಗ್ ಬೇರೆ. ನಮ್ಮಲ್ಲಿ ಕೂಲಿ ಮನೆಯಿಂದ ಬಂದವರಿದ್ದಾರೆ, ಮಗುವನ್ನು ತವರಿನಲ್ಲಿ ಬಿಟ್ಟು ಓದುವವರಿದ್ದಾರೆ. ಬೆಳಗಿನ ತಿಂಡಿ ಬಿಟ್ಟು ಚಾರ್ಟ್ ಕೊಂಡವರನ್ನೂ ಕಂಡಿದ್ದೇನೆ. ಅದನ್ನು ಮಿತವ್ಯಯವೆಂದು ಯಾರೂ ಹೊಗಳಬಾರದು.

ಸರಳ ಜೀವನ ಎಂದೊಡನೆ ನಮ್ಮ ಭಾಷಣಗಳಲ್ಲಿ ಡಾ. ಎಚ್. ನರಸಿಂಹಯ್ಯನವರು ಬರುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕು ಕಳೆದರು. ಅಂಥ ಉದಾಹರಣೆ ಗೌರವ ಹುಟ್ಟಿಸುತ್ತದೆ. ಆದರೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಇಪ್ಪತ್ತೆರಡರ ಹರೆಯದವರಿಗೆ ಹೇಳುವುದಿಲ್ಲ. ಆ ದಾರಿ ನಮ್ಮ ಸೂಕ್ಷ್ಮ ಬೋಧನೆಯಲ್ಲೇ ಇದೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಈ ಪದ್ಧತಿ ಇಡೀ ಪಾಠವನ್ನು ಒಮ್ಮೆಗೇ ಹೊರಿಸುವುದಿಲ್ಲ. ಒಂದು ಕೌಶಲ, ಕೆಲವೇ ಮಕ್ಕಳು, ಕೆಲವೇ ನಿಮಿಷ. ಮತ್ತೆ ಅದನ್ನೇ ತಿದ್ದಿ ಮಾಡುವುದು. ಖರ್ಚಿಗೂ ಇದು ಹೊಂದುತ್ತದೆ. ಮೊದಲ ವಾರ ಪಾಠಯೋಜನೆಯ ಪುಸ್ತಕದ ಕೊನೆಯ ಪುಟದಲ್ಲಿ ದಿನದ ಖರ್ಚು ಬರೆಯಿರಿ, ಅಷ್ಟೇ. ಕಡಿತದ ಶಪಥ ಬೇಡ. ಎರಡನೆಯ ವಾರ ಆ ಪಟ್ಟಿಯಿಂದ ಒಂದೇ ಬಾಬ್ತನ್ನು ಆರಿಸಿ ಬಿಟ್ಟು ನೋಡಿ. ಒಗ್ಗಿದ ಮೇಲೆ ಇನ್ನೊಂದು.

ಕೊಳ್ಳುವ ಮೊದಲು ಶಾಲೆಯ ಕಪಾಟು ತೆರೆದು ನೋಡುವುದು ಇನ್ನೊಂದು ಅಭ್ಯಾಸ. ಗೋಳ, ಭೂಪಟ, ಮಣಿಚೌಕಟ್ಟು ಎಷ್ಟೋ ಕಡೆ ಧೂಳು ಹಿಡಿದು ಕೂತಿರುತ್ತವೆ. ಚಾರ್ಟಿಗೆ ಎರಡು ಬದಿ ಇದೆ. ಮದುವೆ ಕರೆಯೋಲೆಯ ಖಾಲಿ ಬೆನ್ನು ಮಿಂಚುಪಟ್ಟಿಗೆ ಹೇಳಿ ಮಾಡಿಸಿದ್ದು. ಗಟ್ಟಿ ಕಾಗದ, ಪ್ರತಿ ಮನೆಯಲ್ಲೂ ಸಿಗುತ್ತದೆ. ಹುಣಸೆ ಬೀಜವನ್ನು ಎಣಿಕೆಗೆ ಬಳಸಬಹುದು. ಒಂದು ಬದಿ ಉಜ್ಜಿ ಬಿಳುಪು ಮಾಡಿದರೆ ಸಂಭವನೀಯತೆಯ ಪಾಠಕ್ಕೆ ನಾಣ್ಯದ ಬದಲು ಎಸೆದು ನೋಡಬಹುದು. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತ ಅವರು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ ಜೊತೆ ಕೆಲಸ ಮಾಡುವಾಗ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಜೋಡಿಸಿ ತೋರಿಸಿದರು. ಮೂರು ಕಡ್ಡಿಯ ತ್ರಿಭುಜ ಒತ್ತಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಕೂಡಲೇ ವಾಲಿ ವಜ್ರಾಕೃತಿಯಾಗುತ್ತದೆ. ಸೇತುವೆ, ಛಾವಣಿಗಳಲ್ಲಿ ತ್ರಿಭುಜ ಏಕೆ ಎಂದು ಮಗು ತಾನೇ ಕೇಳುತ್ತದೆ. ಥರ್ಮಾಕೋಲಿನ ತ್ರಿಭುಜವನ್ನು ಮಗು ಮುಟ್ಟಲು ಹೋದರೆ ನಾವೇ 'ಮುರೀತೀಯ, ಬಿಡು' ಎನ್ನುತ್ತೇವೆ.

ಆದರೆ ಪ್ರಶಿಕ್ಷಣಾರ್ಥಿ ಎಷ್ಟೇ ಜಾಣತನದಿಂದ ಖರ್ಚು ಉಳಿಸಿದರೂ, ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಹಾಕುವ ನಾವು ಬಣ್ಣಕ್ಕೆ ಮಾರುಹೋದರೆ ಎಲ್ಲ ವ್ಯರ್ಥ. ಹಿರಿಯರ ಹಳೆಯ ಚಾರ್ಟನ್ನು ತಂದವರಿಗೆ 'ಸ್ವಂತದ್ದಲ್ಲ' ಎಂದು ಅಂಕ ಕಡಿಯುವುದು ನನಗೆ ಒಪ್ಪಿಗೆಯಿಲ್ಲ. ನಾವು ಪರೀಕ್ಷಿಸಬೇಕಾದದ್ದು ಅದನ್ನು ಬಳಸಿದ ರೀತಿಯನ್ನು. ಕಲೆಯ ಪರೀಕ್ಷೆಗೆ ಬೇರೆ ಜನರಿದ್ದಾರೆ.

ಸರ್ಕಾರವೋ ಆಡಳಿತ ಮಂಡಳಿಯೋ ಒದಗಿಸಬೇಕಾದ ಪ್ರಯೋಗಾಲಯಕ್ಕೆ ಹುಣಸೆ ಬೀಜ ಬದಲಿಯಾಗದು ಎಂಬ ಆಕ್ಷೇಪ ನ್ಯಾಯವಾದದ್ದು. ಸೂಕ್ಷ್ಮದರ್ಶಕ ಕೇಳಬೇಕಾದಲ್ಲಿ ಕೇಳಲೇಬೇಕು. ಹಾಗೆಯೇ, ಪೆನ್ಸಿಲ್ಲಿಲ್ಲದೆ ಬಂದ ಮಗುವಿನ ಮುಂದೆ ಉಳಿತಾಯದ ಉಪದೇಶ ಸಲ್ಲದು. ಅದಕ್ಕೊಂದು ಪೆನ್ಸಿಲ್ ಕೊಡುವಷ್ಟು ಕೈಯಲ್ಲಿ ಉಳಿದಿರಲಿ ಎಂದೇ ಈ ಲೆಕ್ಕಾಚಾರ.

ನಮ್ಮ ಕಡೆಯಿಂದ ಆಗಬೇಕಾದ ಕೆಲಸವೊಂದಿದೆ. ಪರೀಕ್ಷೆ ಮುಗಿದೊಡನೆ ಗೆದ್ದಲ ಪಾಲಾಗುವ ಉಪಕರಣಗಳಿಗೆ ಕಾಲೇಜಿನಲ್ಲಿ ಒಂದು ಕಪಾಟು, ಒಂದು ದಾಖಲೆ ಪುಸ್ತಕ ಇರಲಿ. ಒಯ್ದವರು ಹೆಸರು, ತರಗತಿ, ಪಾಠ ಬರೆಯಲಿ. ಮರಳಿಸುವಾಗ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಎಂದು ಒಂದು ಸಾಲು ಸೇರಿಸಲಿ. ಬೀಗದ ಕೈ ಪ್ರಶಿಕ್ಷಣಾರ್ಥಿಗಳ ಬಳಿಯೇ ಇರಲಿ. ನಮ್ಮ ಬಳಿ ಇದ್ದರೆ ಅದೂ ಶಾಲೆಯ ಕಪಾಟಿನಂತೆ ಧೂಳು ಹಿಡಿಯುತ್ತದೆ.