ಒಂದೇ ಮಡಕೆ, ಎರಡು ಹೆಸರು

ಮನುಷ್ಯನ ಮನೆಯಲ್ಲಿ ಸಂಬಳ ಬೇಡದೆ, ಕಣ್ಣಿಗೂ ಬೀಳದೆ, ಅನಾದಿ ಕಾಲದಿಂದ ದುಡಿಯುತ್ತಿರುವ ಆಳೊಬ್ಬನುಂಟು. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಕಂಠದವರೆಗೆ ಉಬ್ಬಿ ನಿಲ್ಲುವುದು ಅವನ ಕೈವಾಡದಿಂದಲೇ. ಯೀಸ್ಟ್, ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳ ಈ ಬಳಗಕ್ಕೆ ಒಂದೇ ಒಂದು ದೋಷ. ಕರೆದಾಗ ಬಂದು ದುಡಿಯುವಷ್ಟೇ ಶ್ರದ್ಧೆಯಿಂದ ಅದು ಕರೆಯದಿದ್ದಾಗಲೂ ಬಂದು ದುಡಿಯುತ್ತದೆ. ಪರದೇಶಗಳಲ್ಲಿ ಈ ದುಡಿಮೆ ಬಿಡುವಿನ ವೇಳೆಯ ವಿನೋದವಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಾದರೋ ಇದೇ ದುಡಿಮೆಯೊಡನೆ ರೈತನ ಗಂಟೂ ಸರ್ಕಾರದ ಕಾಯಿದೆಯೂ ತೊಡಕಿಕೊಂಡಿವೆ.

ಮೊದಲು ವಿನೋದದ ವಿಷಯ. ಇಂಗ್ಲೆಂಡ್, ಅಮೆರಿಕಗಳ ಅಂಗಡಿಗಳಲ್ಲಿ ಗೋಧಿಯ ಬಿಯರನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದೇ ಪೆಟ್ಟಿಗೆಯಲ್ಲಿ ದೊರೆಯುತ್ತದೆ. ಅದಕ್ಕೆ ಕಿಟ್ ಎಂದು ಹೆಸರು. ಅಲ್ಲಿ ನೆಲೆಸಿರುವ ನಮ್ಮ ಹುಡುಗರಿಗೂ ಇದು ಅಪರಿಚಿತವಲ್ಲ. ಪೆಟ್ಟಿಗೆಯೊಳಗೆ ಗೋಧಿ ಮತ್ತು ಬಾರ್ಲಿಯ ಮಾಲ್ಟಿನಿಂದ ತೆಗೆದ ಗಟ್ಟಿ ಪಾಕವಿರುತ್ತದೆ. ಮಾಲ್ಟೆಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಮೊಳೆತ ರಾಗಿಯನ್ನು ಒಣಗಿಸಿ, ಬೀಸಿ, ಕೂಸಿಗೆ ಸರಿ ಮಾಡಿ ಉಣಿಸುವ ತಾಯಂದಿರಿಗೆ ಇದರ ಮರ್ಮವನ್ನು ಬೇರೆ ಹೇಳಬೇಕಾಗಿಲ್ಲ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿಸುವ ಶಕ್ತಿ ಹುಟ್ಟುತ್ತದೆ. ಪಾಕಕ್ಕೆ ಹಾಪ್ ಎಂಬ ಬಳ್ಳಿಯ ಹೂವಿನ ಕಹಿ ಕೂಡಿರುತ್ತದೆ. ಜೊತೆಗೆ ಒಂದು ಚಿಕ್ಕ ಪೊಟ್ಟಣದಲ್ಲಿ ಒಣಗಿಸಿದ ಯೀಸ್ಟ್.

ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಬೆರಸಿ ಸುಮಾರು 20 ಲೀಟರು ಮಾಡಿ, ಮುಚ್ಚಳವುಳ್ಳ ಪಾತ್ರೆಗೆ ತುಂಬಿ, ಯೀಸ್ಟನ್ನು ಉದುರಿಸಿ, 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ತಂಪಿನಲ್ಲಿ ಒಂದೆರಡು ವಾರ ಇಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ಅನಿಲವನ್ನೂ ಬಿಡುತ್ತದೆ. ಕೊನೆಗೆ ಚೂರು ಸಕ್ಕರೆಯೊಡನೆ ಸೀಸೆಗೆ ತುಂಬಿ ಬಿರಡೆ ಬಿಗಿದರೆ ನೊರೆ ಒಳಗೇ ಹುಟ್ಟಿಕೊಳ್ಳುತ್ತದೆ; ಸಕ್ಕರೆ ಕೈಮೀರಿ ಬಿದ್ದರೆ ಸೀಸೆ ಸಿಡಿಯುವುದೂ ಉಂಟು. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳವಿರುತ್ತದೆ. ಅದರಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ; ಆ ಜಾತಿಯ ಯೀಸ್ಟೇ ಆ ಪರಿಮಳಗಳನ್ನು ಉಂಟುಮಾಡುತ್ತದೆ.

ಈ ವಿದ್ಯೆಯ ಕಷ್ಟವೆಲ್ಲ ಕುದಿಸುವುದರಲ್ಲಿಲ್ಲ, ತೊಳೆಯುವುದರಲ್ಲಿದೆ. ಪಾತ್ರೆ, ಸೌಟು, ಕೊಳವೆ, ಸೀಸೆ ಯಾವುದರಲ್ಲಿಯಾದರೂ ಹಳೆಯ ಕೊಳೆ ಉಳಿದಿದ್ದರೆ ಕರೆಯದ ಅತಿಥಿಗಳು ಒಳಹೊಕ್ಕು ಎಲ್ಲವನ್ನೂ ಹುಳಿ ಮಾಡುತ್ತಾರೆ. ಬವೇರಿಯದ ದೊರೆಗಳು 1516ರಲ್ಲಿ ಹೊರಡಿಸಿದ ಪ್ರಸಿದ್ಧ ಕಟ್ಟಳೆಯು ಬಿಯರಿಗೆ ಬಾರ್ಲಿ, ಹಾಪ್, ನೀರು ಈ ಮೂರನ್ನೇ ಬಳಸಬೇಕೆಂದು ವಿಧಿಸಿತು. ಅದರಲ್ಲಿ ಯೀಸ್ಟಿನ ಹೆಸರಿಲ್ಲ. ಅದೊಂದು ಜೀವಿಯೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಗೋಧಿಯೂ ಆ ಪಟ್ಟಿಯಿಂದ ಹೊರಗುಳಿಯಿತು. ಮುಂದೆ ಗೋಧಿಯ ಬಿಯರು ತಯಾರಿಸುವ ಹಕ್ಕನ್ನು ದೊರೆಮನೆತನವೇ ಬಹುಕಾಲ ತನ್ನ ಕೈಯಲ್ಲಿಟ್ಟುಕೊಂಡು ಲಾಭ ಪಡೆಯಿತು. ಪಾಸ್ತರನು ಬಿಯರಿನ ಬಗೆಗೆ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಕೋಪನ್‌ಹೇಗನ್ನಿನ ಹಾನ್ಸೆನ್ ಒಂದೇ ಜಾತಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ್ದು 1883ರಲ್ಲಿ. ಇಂದಿನ ಕಿಟ್ಟಿನ ಪೊಟ್ಟಣ ಆ ಸಾಧನೆಯ ಫಲ.

ಹುದುಗು ಎಲ್ಲಿಯೋ ಅಲ್ಲಿ ಸರ್ಕಾರದ ದೃಷ್ಟಿಯೂ ಇರುತ್ತದೆ. ಇಂಗ್ಲೆಂಡಿನಲ್ಲಿ 1963ರಿಂದ ಮನೆಯ ಬಳಕೆಗೆ ಲೈಸೆನ್ಸಿಲ್ಲದೆ ಬಿಯರು ತಯಾರಿಸಬಹುದಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಅಂಥದೇ ಕಾನೂನಿಗೆ ಸಹಿ ಹಾಕಿದರು. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆಯ ಮೇರೆಗೆ ಲೈಸೆನ್ಸಿಲ್ಲದೆ ಮಾದಕ ಪಾನೀಯ ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ ಲೈಸೆನ್ಸ್ ಪಡೆದು ಸ್ಥಳದಲ್ಲಿಯೇ ಗೋಧಿಯ ಬಿಯರು ತಯಾರಿಸಿ ಮಾರುವ ಪಾನಗೃಹಗಳಿವೆ. ಅದು ಬೇರೆ ಮಾತು. ಊರಿಗೆ ಬರುವಾಗ ಕಿಟ್ಟೊಂದನ್ನು ತಂದು ಹಿತ್ತಿಲಲ್ಲಿ ಹೂಡೋಣವೆಂದು ಯೋಚಿಸುವ ತರುಣರು ಈ ಭೇದವನ್ನು ಮರೆಯದಿರುವುದು ಒಳಿತು.

ಆದರೆ ಕಲ್ಪತರು ನಾಡಿನ ಸ್ವಾರಸ್ಯವಿರುವುದು ಬೇರೆಡೆಯಲ್ಲಿ. ಇಲ್ಲಿ ಪಾಕ ಬೇಕಿಲ್ಲ, ಪೊಟ್ಟಣ ಬೇಕಿಲ್ಲ. ಎರಡನ್ನೂ ಪ್ರಕೃತಿಯೇ ಒದಗಿಸಿದೆ. ತೆಂಗಿನ ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ಕೆಲವು ದಿನ ಮೆಲ್ಲನೆ ತಟ್ಟಿ ಹದಗೊಳಿಸಿ, ತುದಿಯನ್ನು ಕೊಯ್ದರೆ ರಸ ತೊಟ್ಟಿಕ್ಕತೊಡಗುತ್ತದೆ. ಅದರಲ್ಲಿ ಶೇಕಡಾ 12ರಿಂದ 15ರಷ್ಟು ಸಕ್ಕರೆ. ಆಗತಾನೆ ಒಸರಿದ ರಸವೇ ನೀರಾ. ಅದರಲ್ಲಿ ಅಮಲಿನ ಲೇಶವೂ ಇಲ್ಲ. ಆದರೆ ಮರದ ತುದಿಯಲ್ಲಿ, ಗಾಳಿಯಲ್ಲಿ, ಹಳೆಯ ಮಡಕೆಯ ಗೋಡೆಯಲ್ಲಿ ಕಾದಿರುವ ಕಾಣದ ಆಳುಗಳು ಅದು ಮಡಕೆಗೆ ಬೀಳುವಷ್ಟರಲ್ಲಿಯೇ ಕೆಲಸಕ್ಕೆ ತೊಡಗುತ್ತವೆ. ಬಿಸಿಲೇರಿದಂತೆ ನೊರೆಯೇಳುತ್ತದೆ. ನಸುಕಿನಲ್ಲಿ ಮಗುವಿಗೂ ಕುಡಿಸಬಹುದಾದ ಪಾನೀಯ ಸಂಜೆಗೆ ಬಿಯರಿನಷ್ಟೇ ಅಮಲುಳ್ಳ ಹೆಂಡ. ಹಾಗೆಯೇ ಬಿಟ್ಟರೆ ಕ್ರಮೇಣ ಬರಿಯ ಹುಳಿ, ವಿನಿಗರು.

ಕಿಟ್ಟಿನವನ ಶ್ರಮಕ್ಕೂ ನೀರಾ ಇಳಿಸುವವನ ಶ್ರಮಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ಮೊದಲನೆಯವನು ಒಬ್ಬ ಆಳನ್ನು ಒಳಗೆ ಕರೆದು ಉಳಿದವರಿಗೆ ಬಾಗಿಲು ಹಾಕುತ್ತಾನೆ. ಎರಡನೆಯವನು ಯಾರನ್ನೂ ಒಳಗೆ ಬಿಡಲಾಗದು. ಮಡಕೆಯ ಒಳಮೈಗೆ ಸುಣ್ಣ ಬಳಿಯುವುದು ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಠಾಣ್ಯವಾಗಿ ಮೊದಲಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕೇಂದ್ರವು ಇನ್ನೂ ಉತ್ತಮವಾದ ಮಾರ್ಗವನ್ನು ತೋರಿಸಿತು. ಹೊಂಬಾಳೆಗೆ ಮಡಕೆಯ ಬದಲು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನೇ ಜೋಡಿಸಿ, ಒಸರಿದ ಹನಿಯನ್ನು ಮರದ ಮೇಲೆಯೇ ತಣಿಸುವ ವಿಧಾನವದು. ಹೀಗೆ ಹಿಡಿದ ರಸಕ್ಕೆ ಆ ಸಂಸ್ಥೆ ಇಟ್ಟ ಹೆಸರು ಕಲ್ಪರಸ. ಸುಣ್ಣವಿಲ್ಲ, ಹುದುಗಿಲ್ಲ, ಜೇನಿನ ಬಣ್ಣ. ತಂಪು ತಪ್ಪದಂತೆ ಇಳಿಸಿ ಸಾಗಿಸಿದರೆ ಅದು ನೀರಾ ಆಗಿಯೇ ಉಳಿಯುತ್ತದೆ.

ಇದು ಕೇವಲ ಬಾಯಿರುಚಿಯ ಪ್ರಶ್ನೆಯಲ್ಲ. ತಿಪಟೂರಿನ ಕೀರ್ತಿ ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಹೊಂಬಾಳೆ ಬಿರಿದು ಕಾಯಿ ಬಲಿಯಲು ಸುಮಾರು ಒಂದು ವರ್ಷ. ಅಟ್ಟಕ್ಕೇರಿದ ಕಾಯಿಯ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಿಸಿದರೆ ಗೊಟಗೊಟ ಸದ್ದು ಮಾಡುವಂತಾಗಲು ಮತ್ತೆ ಎಂಟು ಹತ್ತು ತಿಂಗಳು. ಇಷ್ಟು ಕಾದವನಿಗೆ ಮಾರುಕಟ್ಟೆಯ ಧಾರಣೆ ಬಿದ್ದ ದಿನ ಉಳಿಯುವುದು ನಿಟ್ಟುಸಿರು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಬೇಗನೆ ನಮ್ಮ ತೋಟಗಳಿಗೂ ಹರಡಿ, ಕಾಯಿಗಳು ಸುಕ್ಕಿ ಕಿರಿದಾದುವು. ಕಾಯಿ ಕೈಕೊಟ್ಟ ಮರದಿಂದ ರಸವನ್ನಾದರೂ ಪಡೆಯೋಣವೆಂದು ರೈತರು ನೀರಾ ಇಳಿಸುವ ಹಕ್ಕು ಕೇಳಿದರು. ರೈತ ಸಂಘದ ಚಳವಳಿ ನಡೆಯಿತು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರಾಗಿ ರೈತರ ಪ್ರಾಣಹಾನಿಯೂ ಸಂಭವಿಸಿತು. ಲೋಟದಷ್ಟು ಸಿಹಿರಸಕ್ಕೆ ತೆತ್ತ ಬೆಲೆ ಎಂಥದು!

ಅಧಿಕಾರಿಗಳ ಶಂಕೆಗೂ ಆಧಾರವಿಲ್ಲದಿರಲಿಲ್ಲ. ನೀರಾದ ಹೆಸರಿನಲ್ಲಿ ಹೆಂಡ ಇಳಿದರೆ ತಡೆಯುವವರಾರು? ಬೆಳಗಿನ ಆರು ಗಂಟೆಗೆ ನ್ಯಾಯವಾಗಿದ್ದ ಮಡಕೆ ಮಧ್ಯಾಹ್ನ ಎರಡಕ್ಕೆ ಅಪರಾಧವಾಗುತ್ತದೆ. ನಡುವೆ ಮನುಷ್ಯನು ಕೈಯಾಡಿಸಿರುವುದಿಲ್ಲ. ಕಳ್ಳನನ್ನು ಹಿಡಿಯಬಹುದು, ಹುದುಗನ್ನು ಹಿಡಿಯುವುದು ಹೇಗೆ? 2010ರ ದಶಕದಲ್ಲಿ ನೀರಾಕ್ಕೆ ಲೈಸೆನ್ಸಿನ ಮೂಲಕ ದಾರಿ ತೆರೆಯಿತು. ಆದರೂ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯಲಿಲ್ಲ. ಕಾಗದದ ಮೇಲಿನ ಅನುಮತಿ ರಸವನ್ನು ತಣಿಸುವುದಿಲ್ಲವಲ್ಲ.

ರೈತನು ಲೆಕ್ಕ ಹಾಕಬೇಕಾದ ಇನ್ನೊಂದು ಸಂಗತಿಯೂ ಇದೆ. ರಸ ಕೊಟ್ಟ ಹೊಂಬಾಳೆ ಕಾಯಿ ಕೊಡದು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುತ್ತದೆ. ಆದುದರಿಂದ ತೋಟವೆಲ್ಲವನ್ನೂ ನೀರಾಕ್ಕೆ ಬಿಡುವುದು ಜಾಣತನವಲ್ಲ. ಕೆಲವು ಮರಗಳನ್ನು ಬಿಟ್ಟು ದಿನದ ಖರ್ಚಿಗೆ ದಾರಿ ಮಾಡಿಕೊಂಡು, ಉಳಿದವನ್ನು ಅಟ್ಟಕ್ಕೆ ಮೀಸಲಿಡುವುದು ವಿವೇಕ. ಮಾರಾಟವಾಗದೆ ಉಳಿದ ರಸವನ್ನು ಹುಳಿಯುವ ಮೊದಲೇ ಕಾಯಿಸಿದರೆ ಬೆಲ್ಲ, ಸಕ್ಕರೆ ದೊರೆಯುತ್ತದೆ. ಸುಮಾರು ಏಳು ಲೀಟರು ರಸದಿಂದ ಒಂದು ಕಿಲೋ. ಅದನ್ನು ಅಬಕಾರಿಯವರೂ ಆಕ್ಷೇಪಿಸರು, ಯೀಸ್ಟೂ ಮುಟ್ಟಲಾರದು. ಇದಕ್ಕೆಲ್ಲ ಮರವೇರುವ ನುರಿತ ಕೈಗಳು ಬೇಕು; ಅವು ಈಗ ಊರುಗಳಲ್ಲಿ ವಿರಳ. ಆ ಕೆಲಸಕ್ಕೆ ತಕ್ಕ ಕೂಲಿಯನ್ನೂ ಮರ್ಯಾದೆಯನ್ನೂ ಕೊಡದೆ ನೀರಾದ ಮಾತಾಡುವುದು ವ್ಯರ್ಥ.

ಪರದೇಶದ ಹವ್ಯಾಸಿಯಿಂದ ನಾವು ಕಲಿಯಬೇಕಾದುದು ಬಿಯರು ತಯಾರಿಸುವುದನ್ನಲ್ಲ, ಪಾತ್ರೆ ತೊಳೆಯುವ ನಿಷ್ಠೆಯನ್ನು. ಉಷ್ಣಮಾಪಕವನ್ನು ನಂಬುವ ಅಭ್ಯಾಸವನ್ನು. ಸೂರ್ಯ ಏರುವ ಮೊದಲು ಹೋಬಳಿಗೊಂದು ಮಂಜುಗಡ್ಡೆಯ ಪೆಟ್ಟಿಗೆ ತೋಟಗಳನ್ನು ತಲುಪಿ, ರಸ ಅದರಲ್ಲಿಯೇ ಪೇಟೆ ಸೇರುವಂತಾದರೆ, ಕಾಯಿದೆಯ ಪುಸ್ತಕ ಮಾಡಲಾಗದ ಕೆಲಸದ ಬಹುಪಾಲನ್ನು ತಂಪು ಮಾಡೀತು. ಆಗ ಮಡಕೆಗೆ ಎರಡು ಹೆಸರು ಬರುವ ಪ್ರಸಂಗವೇ ಇರದು.