ದಾಳಿ ಹೆಲಿಕಾಪ್ಟರ್ ರಫ್ತು: ಆಸೆ ಎಷ್ಟು, ಆರ್ಡರು ಎಷ್ಟು?

2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯವು 156 ‘ಪ್ರಚಂಡ’ ಲಘು ಯುದ್ಧ ಹೆಲಿಕಾಪ್ಟರುಗಳಿಗಾಗಿ ಎಚ್‌ಎಎಲ್ ಸಂಸ್ಥೆಯೊಡನೆ ರೂ. 62,700 ಕೋಟಿ ಮೌಲ್ಯದ ಒಪ್ಪಂದಗಳಿಗೆ ಸಹಿ ಹಾಕಿತು. ವಾಯುಪಡೆಗೆ 66, ಭೂಸೇನೆಗೆ 90. ತಯಾರಿಕೆ ಬೆಂಗಳೂರಿನಲ್ಲಿ ಹಾಗೂ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ಗುಬ್ಬಿ ತಾಲ್ಲೂಕಿನ ಕಾರ್ಖಾನೆಯಲ್ಲಿ. 250ಕ್ಕೂ ಹೆಚ್ಚು ದೇಶೀಯ ಕಂಪನಿಗಳು, ಅದರಲ್ಲಿಯೂ ಬಹುತೇಕ ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳು, ಇದರಲ್ಲಿ ಪಾಲ್ಗೊಳ್ಳಲಿವೆ ಎಂಬುದು ಸರಕಾರದ ಹೇಳಿಕೆ. ಇದರ ಬೆನ್ನಿಗೇ ರಫ್ತಿನ ಮಾತೂ ಬರುತ್ತದೆ. ಆ ಮಾತನ್ನು ನಂಬಿ ಗದಗ-ಬೆಟಗೇರಿಯ ಲೇಥ್ ಕಾರ್ಖಾನೆಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಒಕ್ಕಲುತನದ ಉಪಕರಣ ತಯಾರಕರಾಗಲಿ ಸಾಲ ಮಾಡಿ ಯಂತ್ರ ತರುವುದು ಉಚಿತವಲ್ಲ. ಒಪ್ಪಂದವಾದ ಹೊತ್ತಿಗೆ ಒಂದು ಪ್ರಚಂಡವೂ ವಿದೇಶಕ್ಕೆ ಮಾರಾಟವಾಗಿರಲಿಲ್ಲ.

ಈ ಸರಕಿನ ಪೇಟೆಯೇ ಬೇರೆ. ತಯಾರಿಸಿದವನಿಗೆ ಮಾರುವ ಪೂರ್ಣ ಹಕ್ಕು ಇರುವುದಿಲ್ಲ. ತುರ್ಕಿಯು 2018ರಲ್ಲಿ ಪಾಕಿಸ್ತಾನಕ್ಕೆ 30 ಟಿ-129 ಹೆಲಿಕಾಪ್ಟರುಗಳನ್ನು ಸುಮಾರು 150 ಕೋಟಿ ಡಾಲರಿಗೆ ಮಾರಲು ಒಪ್ಪಿತ್ತು. ಎಂಜಿನ್ನಿನಲ್ಲಿ ಅಮೆರಿಕೆಯ ಪಾಲಿತ್ತು. ಅಲ್ಲಿಯ ಪರವಾನಿಗೆ ದೊರೆಯಲಿಲ್ಲ. 2022ರ ಹೊತ್ತಿಗೆ ವ್ಯವಹಾರ ಮುರಿದುಬಿತ್ತು. ಅದೇ ಹೆಲಿಕಾಪ್ಟರು ಫಿಲಿಪೈನ್ಸಿಗೆ ಹೋಗಲು ಅಮೆರಿಕೆ ಅಡ್ಡಿಪಡಿಸಲಿಲ್ಲ. ಪ್ರಚಂಡದ ‘ಶಕ್ತಿ’ ಎಂಜಿನ್ ಫ್ರಾನ್ಸಿನೊಡನೆ ಕೂಡಿ ರೂಪಿಸಿದ್ದು, ಅದರ 20 ಮಿ.ಮೀ. ತೋಪು ಕೂಡ ಫ್ರೆಂಚ್ ಮೂಲದ್ದು. ಕೊಳ್ಳುವವನು ಯಾರೆಂಬುದು ದಿಲ್ಲಿಯೊಂದರಲ್ಲಿಯೇ ತೀರ್ಮಾನವಾಗದು.

ಮಾರಿದ ಮೇಲಿನ ಹೊಣೆ ಇನ್ನೂ ದೊಡ್ಡದು. ಎಚ್‌ಎಎಲ್‌ನ ‘ಧ್ರುವ’ವನ್ನು ಎಕ್ವಡಾರ್ ದೇಶ ಸುಮಾರು 4.5 ಕೋಟಿ ಡಾಲರು ಕೊಟ್ಟು ಏಳರಂತೆ ಕೊಂಡಿತ್ತು. ನಾಲ್ಕು ಬಿದ್ದವು. ಬಿಡಿಭಾಗ ಸಕಾಲಕ್ಕೆ ಬರಲಿಲ್ಲವೆಂಬ ದೂರೂ ಸೇರಿ 2015ರಲ್ಲಿ ಒಪ್ಪಂದ ರದ್ದಾಯಿತು. ಟ್ರ್ಯಾಕ್ಟರಿನ ಬಿಡಿಭಾಗ ಸಿಗದ ಕಂಪನಿಯನ್ನು ಮುಂಡರಗಿಯ ರೈತ ಎರಡನೆಯ ಸಲ ಕೇಳುವುದಿಲ್ಲವಷ್ಟೆ!

ಹಾಗಾದರೆ ಖಾತ್ರಿಯಾದದ್ದು ಯಾವುದು? ದೇಶದೊಳಗಿನ 156ರ ಆರ್ಡರು, ಮತ್ತು ಅವು ಹಾರುವ ಹತ್ತಾರು ವರ್ಷಗಳುದ್ದಕ್ಕೂ ಬೇಕಾಗುವ ಬಿಡಿಭಾಗ. ನಮ್ಮ ಭಾಗದ ಉದ್ದಿಮೆದಾರರ ಲಕ್ಷ್ಯ ಇಲ್ಲಿರಬೇಕು. ಆದರೆ ಇಲ್ಲಿಯೂ ಒಳಗೆ ಕಾಲಿಡುವ ಖರ್ಚು ಹಗುರಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಮಡಿದರು. ರೆಕ್ಕೆಗಳ ಓರೆಯನ್ನು ನಿಯಂತ್ರಿಸುವ ಒಂದು ಭಾಗ ಬಿರುಕುಬಿಟ್ಟದ್ದರತ್ತ ತನಿಖೆ ಬೊಟ್ಟುಮಾಡಿತು. ದೇಶದ ಧ್ರುವಗಳೆಲ್ಲ ತಿಂಗಳುಗಟ್ಟಲೆ ನೆಲಹಿಡಿದವು. ಆದ್ದರಿಂದಲೇ ಪ್ರತಿ ತುಂಡು ಲೋಹದ ಮೂಲ, ಕಾಯಿಸಿದ ಉಷ್ಣಮಾನ, ಅಳತೆ ಎಲ್ಲವೂ ದಾಖಲೆಯಲ್ಲಿರಬೇಕು. ಎಎಸ್ 9100 ಪ್ರಮಾಣಪತ್ರ ಬೇಕು. ಬೆಳಗಾವಿ ಜಿಲ್ಲೆಯ ಹತ್ತರಗಿಯ ವೈಮಾನಿಕ ವಲಯದಲ್ಲಿ ಫೋರ್ಜಿಂಗ್, ಯಂತ್ರಗೆಲಸ, ಲೇಪನ ಒಂದೇ ಆವರಣದಲ್ಲಿ ನಡೆಯುತ್ತವೆ. ಗದಗಿನ ಒಂಟಿ ಕಾರ್ಖಾನೆಗೆ ಆ ಅನುಕೂಲವಿಲ್ಲ.

ಇನ್ನು ಉದರಿಯ ಪ್ರಶ್ನೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಲು ಚೆನ್ನ. ಆದರೆ ಸರಕು ಮುಟ್ಟಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತಿದರೆ, ಅದು ನಿವಾರಣೆಯಾದ ದಿನದಿಂದ ಎಣಿಕೆ. ಕಟ್ಟುನಿಟ್ಟಿನ ತಪಾಸಣೆಯ ಈ ವ್ಯವಹಾರದಲ್ಲಿ ಹಣ ಎಷ್ಟು ತಿಂಗಳು ಸಿಕ್ಕಿಕೊಂಡೀತೆಂಬುದನ್ನು ಯಂತ್ರದ ಕೊಟೇಶನ್ ತರಿಸುವ ಮೊದಲೇ ಲೆಕ್ಕಹಾಕಬೇಕು. ಉದ್ಯಮ ನೋಂದಣಿ ಇಲ್ಲದವರಿಗಂತೂ ಆ ಬಡ್ಡಿಯ ಹಕ್ಕು ಕೇಳುವುದೇ ಕಷ್ಟ.

ಕಾರ್ಖಾನೆಗೊಂದು ದುಬಾರಿ ಯಂತ್ರ ತರುವುದಕ್ಕಿಂತ, ಹತ್ತು ಮಂದಿ ಕೂಡಿ ಬಳಸಬಹುದಾದ ಒಂದು ಅಳತೆ ಮತ್ತು ಬಿರುಕು-ಪರೀಕ್ಷಾ ಕೇಂದ್ರವನ್ನು ಗದಗಿಗೆ ಕೇಳುವುದು ಮೇಲು. ಹೆಲಿಕಾಪ್ಟರಿನ ಕೆಲಸ ಬಾರದಿದ್ದರೂ ಪಂಪು, ವಾಲ್ವು, ಪವನಯಂತ್ರಗಳ ಭಾಗ ಮಾಡುವವರು ಅದನ್ನು ನಾಳೆಯಿಂದಲೇ ಬಳಸಬಲ್ಲರು.