ಶಿಲ್ಕು ಬರೆಯದೆ ತೆರೆದ ಖಾತೆ

ಐದು ವಿಷಯಗಳ ಅಂಕ ಕೂಡಿಸುವ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಬರೆದಿದ್ದೆ. ಬರಬೇಕಾದ ಮೊತ್ತ 312. ನನ್ನ ಕಂಪ್ಯೂಟರ್ ತೋರಿಸಿದ್ದು ಮೈನಸ್ ಚಿಹ್ನೆಯ ಯಾವುದೋ ಸಂಖ್ಯೆ. ಪಕ್ಕದ ಗೆಳತಿಗೆ ಸರಿಯಾಗಿ 312 ಬಂತು. ಇಬ್ಬರೂ ಬರೆದದ್ದು ‘ಇಂಟ್ ಟೋಟಲ್;’ ಎಂದೇ. ಕಾರಣ ಕೇಳದೆ ಅವಳದ್ದನ್ನು ನಕಲು ಮಾಡಿದೆ, ರೆಕಾರ್ಡಿಗೆ ಸಹಿಯೂ ಬಿತ್ತು. ತಪ್ಪು ನನ್ನದೇ.

ಉತ್ತರ ಸಿಕ್ಕಿದ್ದು ಸುರಪುರದ ನಮ್ಮ ಕಿರಾಣಿ ಅಂಗಡಿಯಲ್ಲಿ. ಅಬ್ಬಾ ಉದ್ರಿ ಪುಸ್ತಕದಲ್ಲಿ ಹೊಸ ಗಿರಾಕಿಯ ಪುಟ ತೆರೆದಾಗ ಮೊದಲ ಸಾಲಿನಲ್ಲಿ ‘ಹಿಂದಿನ ಬಾಕಿ 0’ ಎಂದು ಬರೆಯುತ್ತಾರೆ. ಬಾಕಿಯೇ ಇಲ್ಲದಿದ್ದರೆ ಸೊನ್ನೆ ಯಾಕೆ ಎಂದು ಕೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದು ಕನ್ನಡದಲ್ಲಿ ಹೀಗೆ: “ಜಾಗ ಖಾಲಿ ಬಿಟ್ಟರೆ ಅಲ್ಲಿ ಏನಿತ್ತು ಅಂತ ನಾಳೆ ಯಾರು ಹೇಳಬೇಕು ಬೇಟಾ?”

ನಾವು ಕಾಮರ್ಸ್‌ನವರು ಇದನ್ನೇ ಆರಂಭಿಕ ಶಿಲ್ಕು ಎಂದು ಓದುತ್ತೇವೆ. ‘ಇಂಟ್ ಟೋಟಲ್;’ ಎಂದರೆ ಪೂರ್ಣಾಂಕಕ್ಕೆ ಒಂದು ಜಾಗ ಕೊಡು ಎಂದಷ್ಟೇ ಅರ್ಥ. ಆ ಜಾಗವನ್ನು ಯಾರೂ ಒರೆಸಿರುವುದಿಲ್ಲ. ಹಿಂದೆ ಅಲ್ಲಿ ಉಳಿದಿದ್ದ ಕಸದ ಮೇಲೆಯೇ ನನ್ನ ಅಂಕಗಳು ಕೂಡಿಕೊಂಡವು. ಗೆಳತಿ ಅದೇ ಸಾಲನ್ನು ಮೇನ್ ಫಂಕ್ಷನ್ನಿನ ಹೊರಗೆ, ಮೇಲೆ ಬರೆದಿದ್ದಳು. ಅಲ್ಲಿ ಬರೆದ ವೇರಿಯೇಬಲ್‌ಗೆ ಸೊನ್ನೆ ತಾನಾಗಿಯೇ ಸಿಗುತ್ತದೆ. ಇದು ಅವಳಿಗೂ ಗೊತ್ತಿರಲಿಲ್ಲ. ‘ಇಂಟ್ ಟೋಟಲ್ = 0;’ ಎಂದು ಬರೆದಿದ್ದರೆ ಇಬ್ಬರಿಗೂ ಅದೃಷ್ಟ ಬೇಕಿರಲಿಲ್ಲ.

ಬೆಲೆಯಷ್ಟೇ ಅಲ್ಲ, ಜಾತಿಯೂ ಮುಖ್ಯ. ಶಹಾಪುರದ ಕಡೆಯ ರೈತನೊಬ್ಬನ ಹತ್ತಿ 12.75 ಕ್ವಿಂಟಲ್ ತೂಗಿತು ಎನ್ನಿ. ‘ಇಂಟ್ ತೂಕ = 12.75;’ ಎಂದರೆ ಉಳಿಯುವುದು 12 ಮಾತ್ರ. ಕಂಪೈಲರ್ ಹೆಚ್ಚೆಂದರೆ ಎಚ್ಚರಿಸುತ್ತದೆ, ತಡೆಯುವುದಿಲ್ಲ. 75 ಕಿಲೋ ಹತ್ತಿ ಲೆಕ್ಕದಿಂದಲೇ ಮಾಯ! ಅಲ್ಲಿ ಬೇಕಿದ್ದದ್ದು ‘ಡಬಲ್’.

ಪೈಥಾನ್ ಇರುವಾಗ ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಪೈಥಾನ್‌ನಲ್ಲಿ ಬೆಲೆಯನ್ನೇ ಕೊಡದ ಹೆಸರನ್ನು ಬಳಸಿದರೆ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ಸಿ ಪ್ಲಸ್ ಪ್ಲಸ್ ನಿಲ್ಲದೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗಬಹುದು. ಆದ್ದರಿಂದಲೇ ಅಲ್ಲಿ ಎಚ್ಚರ ನಮ್ಮದಾಗಿರಬೇಕು.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ರೆಕಾರ್ಡಿನಲ್ಲಿ ಪ್ರತಿ ವೇರಿಯೇಬಲ್ ಎದುರು ಎರಡು ಮಾತು ಬರೆಸಿ: ಈ ಜಾತಿ ಯಾಕೆ, ಈ ಮೊದಲ ಬೆಲೆ ಯಾಕೆ. ಅದನ್ನು ಬಾಯಲ್ಲಿ ಹೇಳಿದ ಮೇಲೆಯೇ ಸಹಿ ಹಾಕಿ. ಆಗ ನನ್ನಂಥವರು ಪಕ್ಕದವರದ್ದನ್ನು ನಕಲು ಮಾಡಿ ಪಾರಾಗಲಾರೆವು. ಗೆಳೆಯರೇ, ಬಾಯಿಪಾಠದಿಂದ ಪ್ರಾಕ್ಟಿಕಲ್ ಪಾಸಾಗಬಹುದು. ಆದರೆ ನಾಳೆ ನಮ್ಮಲ್ಲಿ ಹಲವರು ಯಾದಗಿರಿಯಲ್ಲೋ ಬೆಂಗಳೂರಿನಲ್ಲೋ ಇನ್ನೊಬ್ಬರ ದುಡ್ಡಿನ ಲೆಕ್ಕ ಬರೆಯುವವರು. ಮೊದಲ ಸಾಲು ಸರಿಯಿರಲಿ.